25 ಟ್ಯಾಂಕುಗಳ ಡಿವಿಷನ್: ಹೆರ್ಮಾನ್ ಬಾಲ್ಕ್ ಗೆದ್ದದ್ದೇನು?

ಟ್ಯಾಂಕ್ ಡಿವಿಷನ್ ಎಂದ ಕೂಡಲೇ ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿ ನಿಂತ ಟ್ಯಾಂಕುಗಳು ನೆನಪಿಗೆ ಬರುತ್ತವೆ. 1942ರ ಡಿಸೆಂಬರ್ 19ರ ನಸುಕಿನಲ್ಲಿ, ರಷ್ಯಾದ ಚಿರ್ ನದಿಯ ದಂಡೆಯಲ್ಲಿದ್ದ ಜರ್ಮನಿಯ 11ನೇ ಪ್ಯಾಂಜರ್ (ಅಂದರೆ ಟ್ಯಾಂಕ್) ಡಿವಿಷನ್ ಬಳಿ ಓಡುವ ಸ್ಥಿತಿಯಲ್ಲಿದ್ದ ಟ್ಯಾಂಕುಗಳು 25. ಆ ದಿನ ಈ 25 ಟ್ಯಾಂಕುಗಳು ಸೋವಿಯತ್ ಪಡೆಯ 65 ಟ್ಯಾಂಕುಗಳನ್ನು ಮುಗಿಸಿದವು, ತಮ್ಮಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ ಎಂದು ಜರ್ಮನ್ ಕಡೆಯವರು ಬರೆದಿಟ್ಟಿದ್ದಾರೆ. ಡಿವಿಷನ್ನಿನ ಕಮಾಂಡರ್ ಹೆರ್ಮಾನ್ ಬಾಲ್ಕ್. ಮರುದಿನವೇ ಅವನ ನೈಟ್ಸ್ ಕ್ರಾಸ್ ಎಂಬ ಶೌರ್ಯ ಪದಕಕ್ಕೆ, ಇನ್ನೂ ಮೇಲಿನ ದರ್ಜೆಯ ಗುರುತಾಗಿ, ಓಕ್ ಎಲೆಗಳ ಅಲಂಕಾರ ಸೇರಿತು.

ಇಂಥ ಲೆಕ್ಕ ಓದಿದಾಗ ಎರಡು ಪ್ರಶ್ನೆ ಏಳಬೇಕು. ಇದು ಹೇಗೆ ಸಾಧ್ಯವಾಯಿತು ಎನ್ನುವುದು ಒಂದು. ಇಷ್ಟು ಗೆಲ್ಲುತ್ತಿದ್ದವರು ಯುದ್ಧವನ್ನು ಹೇಗೆ ಸೋತರು ಎನ್ನುವುದು ಇನ್ನೊಂದು. ಟ್ಯಾಂಕ್ ಸೇನಾನಿಗಳ ಮೇಲೆ ಬಂದ ಬರಹಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಯಲ್ಲೇ ಮೈಮರೆಯುತ್ತವೆ. ಬಾಲ್ಕ್‌ನ ಕಥೆಯಲ್ಲಿ ಎರಡೂ ಪ್ರಶ್ನೆಗಳ ಉತ್ತರ ಒಂದೇ ನದಿಯ ದಂಡೆಯಲ್ಲಿ ಸಿಗುತ್ತದೆ. ಹಾಗಾಗಿ ಹೆಸರಾಂತ ಜರ್ಮನ್ ಟ್ಯಾಂಕ್ ಸೇನಾನಿ ರೊಮ್ಮೆಲ್‌ನನ್ನು ಬಿಟ್ಟು ಇವನನ್ನು ಆರಿಸಿಕೊಂಡೆ.

ಬಾಲ್ಕ್ ಹುಟ್ಟಿದ್ದು 1893ರಲ್ಲಿ, ಈಗ ಪೋಲೆಂಡಿನಲ್ಲಿರುವ ಡಾನ್‌ಜಿಗ್ ಪಟ್ಟಣದ ಮಗ್ಗುಲಲ್ಲಿ. ಅಪ್ಪ ವಿಲಿಯಂ ಬಾಲ್ಕ್ ಕೂಡ ಜನರಲ್, ಯುದ್ಧತಂತ್ರದ ಮೇಲೆ ದಪ್ಪ ದಪ್ಪ ಗ್ರಂಥ ಬರೆದವನು. ಮನೆಯಲ್ಲಿ ಊಟದ ಹೊತ್ತಿಗೂ ದಂಡಿನದೇ ಮಾತಿದ್ದಿರಬೇಕು. 1913ರಲ್ಲಿ ಗೋಸ್ಲಾರ್‌ನ ಯೇಗರ್ ಎಂಬ ಹಗುರ ಪದಾತಿ ದಳಕ್ಕೆ ಸೇರಿದ ಬಾಲ್ಕ್, ಮೊದಲ ಮಹಾಯುದ್ಧದಲ್ಲಿ ಏಳು ಬಾರಿ ಗಾಯಗೊಂಡ. ಆ ಕಾಲದ ಅತಿ ದೊಡ್ಡ ಶೌರ್ಯ ಪದಕಕ್ಕೆ 1918ರ ಅಕ್ಟೋಬರಿನಲ್ಲಿ ಅವನ ಹೆಸರು ಹೋಯಿತು. ಕಡತ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು.

ಎರಡು ಯುದ್ಧಗಳ ನಡುವಿನ ಸಣ್ಣ ಜರ್ಮನ್ ಸೇನೆಯಲ್ಲಿ ಮೇಲೇರುವ ರಾಜಮಾರ್ಗ ಒಂದೇ ಇತ್ತು: ಜನರಲ್ ಸ್ಟಾಫ್. ನಕ್ಷೆ, ಯೋಜನೆ, ಸರಬರಾಜು ನೋಡಿಕೊಳ್ಳುವ ಬುದ್ಧಿವಂತರ ಕೂಟ ಅದು. ಪ್ಯಾಂಟಿನ ಪಕ್ಕದಲ್ಲಿ ಕೆಂಪು ಪಟ್ಟಿ ಇರುತ್ತಿತ್ತು, ಅದಕ್ಕೊಂದು ಗತ್ತೂ ಇತ್ತು. ಬಾಲ್ಕ್‌ಗೆ ಆ ಬಾಗಿಲು ಎರಡು ಸಲ ತೆರೆಯಿತು, ಎರಡು ಸಲವೂ ಆತ ಬೇಡ ಎಂದ. ಸೈನಿಕರ ಜೊತೆಗೇ ಇರುತ್ತೇನೆ ಎನ್ನುವುದು ಅವನ ಹಟ. ಈ ಹಟದ ಬಗ್ಗೆ ಮುಂದೆ ಮತ್ತೆ ಮಾತು ಬರುತ್ತದೆ, ಏಕೆಂದರೆ ಅವನ ಶಕ್ತಿಯೂ ಮಿತಿಯೂ ಇದರಲ್ಲೇ ಇವೆ.

ಬಾಲ್ಕ್‌ನ ಹೆಸರು ಮೊದಲು ಕೇಳಿಬಂದದ್ದು ಟ್ಯಾಂಕಿನಿಂದಲ್ಲ, ರಬ್ಬರ್ ದೋಣಿಯಿಂದ. 1940ರ ಮೇ 13ರಂದು ಫ್ರಾನ್ಸಿನ ಸೆಡಾನ್ ಪಟ್ಟಣದ ಬಳಿ ಜರ್ಮನ್ ಟ್ಯಾಂಕ್ ಜನರಲ್ ಗುಡೇರಿಯನ್‌ನ ಪಡೆ ಮ್ಯೂಸ್ ನದಿ ದಾಟಬೇಕಿತ್ತು. ಸೇತುವೆ ಇಲ್ಲದೆ ಟ್ಯಾಂಕು ದಾಟದು. ಆಚೆ ದಡ ಕೈಗೆ ಬರದೆ ಸೇತುವೆ ಕಟ್ಟಲಾಗದು. ಅಂದರೆ ಮೊದಲು ದಾಟಬೇಕಾದವರು ಕಾಲಾಳುಗಳು. 1ನೇ ಪ್ಯಾಂಜರ್ ಡಿವಿಷನ್ನಿನ ಪದಾತಿ ರೆಜಿಮೆಂಟಿಗೆ ಬಾಲ್ಕ್ ಮುಖ್ಯಸ್ಥ. ಇದೇ ಕೆಲಸಕ್ಕೆಂದು ತನ್ನವರನ್ನು ಮುಂಚೆಯೇ ಮೊಸೆಲ್ ನದಿಯಲ್ಲಿ ಪಳಗಿಸಿದ್ದ. ದೋಣಿ ಬಂದವು, ದೋಣಿ ನಡೆಸುವ ಎಂಜಿನಿಯರುಗಳು ಬರಲಿಲ್ಲ. ಕಾಲಾಳುಗಳೇ ಹುಟ್ಟು ಹಾಕಿದರು. ಮೇಲೆ ವಿಮಾನಗಳು ಫ್ರೆಂಚ್ ಫಿರಂಗಿ ನೆಲೆಗಳ ಮೇಲೆ ಗಂಟೆಗಟ್ಟಲೆ ಬಾಂಬು ಸುರಿದವು. ಸಂಜೆಯ ಹೊತ್ತಿಗೆ ಆಚೆ ದಡ ಸಿಕ್ಕಿತು.

ಆಮೇಲೆ ಅವನು ಮಾಡಿದ್ದು ಮುಖ್ಯ. ಸುಸ್ತಾಗಿ ಕುಸಿದಿದ್ದ ಸೈನಿಕರನ್ನು ಎಬ್ಬಿಸಿ, ಅದೇ ರಾತ್ರಿ ದಕ್ಷಿಣದ ಗುಡ್ಡಗಳ ಮೇಲೆ ಹತ್ತಿಸಿದ. ಇವತ್ತು ಸುಲಭವಾಗಿ ಸಿಗುವ ಗುಡ್ಡಕ್ಕೆ ನಾಳೆ ರಕ್ತದ ಹೊಳೆ ಹರಿಸಬೇಕಾದೀತು ಎನ್ನುವುದು ಅವನ ತರ್ಕ. ಎರಡು ದಿನದ ನಂತರ ಬೂವೆಲ್‌ಮೋ ಎಂಬ ಹಳ್ಳಿಯ ಬಳಿ ಅಧಿಕಾರಿಗಳೇ ಇನ್ನು ಆಗದು ಎಂದರು. ಹಾಗಿದ್ದರೆ ನಾನೊಬ್ಬನೇ ಹೋಗಿ ಹಿಡಿಯುತ್ತೇನೆ ಎಂದು ಬಾಲ್ಕ್ ಹೊರಟೇಬಿಟ್ಟ. ಉಳಿದವರು ಹಿಂದೆ ಬರದೆ ಏನು ಮಾಡಿಯಾರು? ಉರಿಯುತ್ತಿದ್ದ ಆ ಹಳ್ಳಿಯ ಬೀದಿಯಲ್ಲಿ ಕಣ್ಣು ಕೆಂಪಗಾಗಿ, ಮೈಯೆಲ್ಲ ಮಸಿಯಾಗಿ ನಿಂತಿದ್ದ ಬಾಲ್ಕ್‌ನನ್ನು ಕಂಡದ್ದನ್ನು ಗುಡೇರಿಯನ್ ಮುಂದೆ ನೆನಪಿಸಿಕೊಂಡಿದ್ದಾನೆ.

1941ರ ಏಪ್ರಿಲ್‌ನಲ್ಲಿ ಆತ ಗ್ರೀಸಿನಲ್ಲಿದ್ದ, ಈಗ 2ನೇ ಪ್ಯಾಂಜರ್ ಡಿವಿಷನ್ನಿನ ಟ್ಯಾಂಕ್ ರೆಜಿಮೆಂಟಿನ ಮುಖ್ಯಸ್ಥನಾಗಿ. ಒಲಿಂಪಸ್ ಬೆಟ್ಟದ ಬುಡದಲ್ಲಿ, ಟೆಂಪೆ ಕಣಿವೆಯಲ್ಲಿ ನ್ಯೂಜಿಲೆಂಡಿನ ಪಡೆ ದಾರಿಯನ್ನು ಸ್ಫೋಟಿಸಿ ಕೆಡವಿ ಕೂತಿತ್ತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹರಿಯುವ ನದಿ. ಬಾಲ್ಕ್ ಟ್ಯಾಂಕುಗಳನ್ನು ನದಿಗೇ ಇಳಿಸಿದ. ಕೆಲವು ಮುಳುಗಿದವು, ಉಳಿದವು ಆಚೆ ದಡ ಹತ್ತಿದವು. ಟ್ಯಾಂಕು ಹೋಗಲಾಗದು ಎಂದು ಎದುರಾಳಿ ನಂಬಿಕೊಂಡ ಜಾಗವೇ ಟ್ಯಾಂಕಿಗೆ ಒಳ್ಳೆಯ ಜಾಗ ಎನ್ನುವ ಪಾಠವನ್ನು ಅಲ್ಲಿಂದ ಕಟ್ಟಿಕೊಂಡು ಬಂದ.

1942ರ ಮೇ ತಿಂಗಳಲ್ಲಿ ಅವನಿಗೆ 11ನೇ ಪ್ಯಾಂಜರ್ ಡಿವಿಷನ್ ಸಿಕ್ಕಿತು. ಟ್ಯಾಂಕಿನ ಪಟ್ಟಿಯ ಮೇಲೆ ಕತ್ತಿ ಹಿಡಿದು ಸವಾರಿ ಮಾಡುವ ಬಿಳಿ ದೆವ್ವ ಇದರ ಲಾಂಛನ. ಹಾಗಾಗಿ ‘ದೆವ್ವದ ಡಿವಿಷನ್’ ಎಂಬ ಹೆಸರು. (ಫ್ರಾನ್ಸಿನಲ್ಲಿ ರೊಮ್ಮೆಲ್ ನಡೆಸಿದ 7ನೇ ಡಿವಿಷನ್ನಿಗೂ ಇದೇ ಅಡ್ಡಹೆಸರು. ಓದುವಾಗ ಗೊಂದಲವಾಗುತ್ತದೆ.)

ಇಲ್ಲಿ ಒಂದಿಷ್ಟು ನಿಂತು, ಡಿವಿಷನ್ ಎಂದರೆ ಏನು ಎಂದು ಬಿಡಿಸಿ ನೋಡಬೇಕು. ಕಾಗದದ ಮೇಲೆ ಅಂದಿನ ಪ್ಯಾಂಜರ್ ಡಿವಿಷನ್ನಿನಲ್ಲಿ ಸುಮಾರು 15,000 ಜನ. ಅದರಲ್ಲಿ ಟ್ಯಾಂಕ್ ರೆಜಿಮೆಂಟ್ ಒಂದೇ. ಲಾರಿ ಮತ್ತು ಕವಚದ ಗಾಡಿಗಳಲ್ಲಿ ಸಾಗುವ ಪದಾತಿಯ ರೆಜಿಮೆಂಟ್ ಎರಡು. ಫಿರಂಗಿ ರೆಜಿಮೆಂಟ್ ಒಂದು. ಜೊತೆಗೆ ಟ್ಯಾಂಕ್ ನಿರೋಧಕ ತೋಪುಗಳು, ವಿಮಾನ ಹೊಡೆಯುವ ತೋಪುಗಳು, ಮುಂದೆ ಹೋಗಿ ಸುಳಿವು ತರುವ ಮೋಟರ್‌ಸೈಕಲ್ ದಳ, ಸೇತುವೆ ಕಟ್ಟುವ ಎಂಜಿನಿಯರುಗಳು, ವೈರ್‌ಲೆಸ್ ದಳ, ಕೆಟ್ಟ ಟ್ಯಾಂಕನ್ನು ಎಳೆದು ತಂದು ರಿಪೇರಿ ಮಾಡುವ ವರ್ಕ್‌ಶಾಪ್. ಇಷ್ಟೂ ಒಬ್ಬನೇ ಕಮಾಂಡರನ ಕೈಕೆಳಗೆ, ಇಷ್ಟೂ ಗಾಡಿಯ ಮೇಲೆ. ಜರ್ಮನ್ನರ ಹೆಚ್ಚುಗಾರಿಕೆ ಟ್ಯಾಂಕಿನ ಉಕ್ಕಿನಲ್ಲಿ ಇರಲಿಲ್ಲ, ರಷ್ಯನ್ನರ ಟಿ-34 ಆ ಕಾಲದ ಬಹುತೇಕ ಜರ್ಮನ್ ಟ್ಯಾಂಕಿಗಿಂತ ಗಟ್ಟಿ. ಹೆಚ್ಚುಗಾರಿಕೆ ಇದ್ದದ್ದು ಈ ಕೂಡುಕುಟುಂಬದಲ್ಲಿ. ತೋಪು ಬೇಕೆಂದರೆ ಇನ್ನೊಂದು ಕಚೇರಿಗೆ ಅರ್ಜಿ ಹಾಕಬೇಕಿರಲಿಲ್ಲ.

ಇನ್ನೊಂದು ಸಂಗತಿ ವೈರ್‌ಲೆಸ್. ಜರ್ಮನ್ ಟ್ಯಾಂಕುಗಳಿಗೆ ರೇಡಿಯೋ ಸಾಮಾನ್ಯವಾಗಿತ್ತು. ಸೋವಿಯತ್ ಕಡೆ ಆಗಿನ್ನೂ ಬಹುಪಾಲು ಕಮಾಂಡರ್ ಕೂರುವ ಟ್ಯಾಂಕಿಗೆ ಮಾತ್ರ. ಟಿ-34ರ ಗೋಪುರದೊಳಗೆ ಇಬ್ಬರೇ ಕೂರುತ್ತಿದ್ದುದರಿಂದ ಟ್ಯಾಂಕಿನ ಮುಖ್ಯಸ್ಥನೇ ಗುರಿಯಿಟ್ಟು ಗುಂಡು ಹಾರಿಸಬೇಕಿತ್ತು. ಒಂದು ಕಣ್ಣು ದೂರದರ್ಶಕದಲ್ಲಿ ಹೂತುಹೋದ ಮೇಲೆ ಬೆನ್ನ ಹಿಂದೆ ಏನಾಗುತ್ತಿದೆ ಎಂದು ನೋಡುವವರಾರು? ಈ ಸಣ್ಣ ವಿವರವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಈಗ ಚಿರ್ ನದಿಗೆ ಬರೋಣ. 1942ರ ನವೆಂಬರ್ 19 ಮತ್ತು 20ರಂದು ಸೋವಿಯತ್ ಸೇನೆ ಸ್ಟಾಲಿನ್‌ಗ್ರಾಡಿನ ಎರಡೂ ಮಗ್ಗುಲಿನಿಂದ ನುಗ್ಗಿ, ನಾಲ್ಕೇ ದಿನದಲ್ಲಿ ಜರ್ಮನಿಯ 6ನೇ ಸೇನೆಯ ಸುತ್ತ ಬಾಗಿಲು ಹಾಕಿತು. ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಹೊಣೆ ಜರ್ಮನ್ ಸೇನಾಪತಿ ಮಾನ್‌ಸ್ಟೈನ್‌ನದು. ಅವನ ಯೋಜನೆಯಲ್ಲಿ ಎರಡು ಕೈಗಳಿದ್ದವು. ಜನರಲ್ ಹೋಥ್‌ನ ಪಡೆ ದಕ್ಷಿಣದ ಕಡೆಯಿಂದ ಹೊಡೆಯುವುದು. 48ನೇ ಪ್ಯಾಂಜರ್ ಕೋರ್ (ಕೋರ್ ಎಂದರೆ ಡಿವಿಷನ್ನುಗಳ ಕೂಟ) ಪಶ್ಚಿಮದಿಂದ, ಚಿರ್ ನದಿ ಡಾನ್ ನದಿಯನ್ನು ಸೇರುವ ಮೂಲೆಯಿಂದ ಹೊಡೆಯುವುದು. ಈ ಮೂಲೆಯಿಂದ ಮುತ್ತಿಗೆಯ ಅಂಚಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ರೈಲಿನಲ್ಲಿ ಬಂದಿಳಿದ ಬಾಲ್ಕ್‌ನ 11ನೇ ಡಿವಿಷನ್ ಈ ಕೋರ್‌ನ ಮುಖ್ಯ ಬಲ. ಅವನ ಕೆಲಸ ನದಿ ಕಾಯುವುದಾಗಿರಲಿಲ್ಲ, ಸ್ಟಾಲಿನ್‌ಗ್ರಾಡಿನತ್ತ ನುಗ್ಗುವುದು.

ಡಿಸೆಂಬರ್ 7ರಂದು ಸೋವಿಯತ್ತಿನ 1ನೇ ಟ್ಯಾಂಕ್ ಕೋರ್ ಚಿರ್ ದಾಟಿ ಒಳನುಗ್ಗಿ, 79ನೇ ನಂಬರಿನ ಸರ್ಕಾರಿ ಫಾರ್ಮಿನಲ್ಲಿ ಬೀಡುಬಿಟ್ಟಿತು. ನದಿಯ ಗೆರೆ ಹಿಡಿದಿದ್ದ 336ನೇ ಪದಾತಿ ಡಿವಿಷನ್ನಿನ ಬೆನ್ನಿಗೇ ಈಗ ಶತ್ರು. ಕೋರ್‌ನಿಂದ ಬಾಲ್ಕ್‌ಗೆ ಅಪ್ಪಣೆ ಬಂತು: ಎದುರಿನಿಂದ ಹೊಡೆದು ಓಡಿಸು.

ಬಾಲ್ಕ್ ಒಪ್ಪಲಿಲ್ಲ. ಎದುರಿನಿಂದ ಹೊಡೆದರೆ ಅವರು ಬಂದ ದಾರಿಯಲ್ಲಿ ಹಿಂದೆ ಸರಿಯುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಓಡಿಸುವುದರಿಂದ ಪ್ರಯೋಜನವಿಲ್ಲ, ಅಳಿಸಬೇಕು ಎಂದ. ವಿಮಾನ ಹೊಡೆಯುವ ತೋಪು, ಎಂಜಿನಿಯರುಗಳು ಮುಂತಾದವರನ್ನು ಎದುರಿಗೆ ತಡೆಯಾಗಿ ನಿಲ್ಲಿಸಿದ. ಟ್ಯಾಂಕ್ ರೆಜಿಮೆಂಟ್ ಮತ್ತು ಪದಾತಿಯನ್ನು ಕತ್ತಲಲ್ಲಿ ಸುತ್ತುಹಾಕಿಸಿ, ಶತ್ರು ಬಂದ ದಾರಿಗೆ ಅಡ್ಡವಾಗಿ ಗುಡ್ಡದ ಮೇಲೆ ತಂದು ನಿಲ್ಲಿಸಿದ. 8ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು 336ನೇ ಡಿವಿಷನ್ನಿನ ಮೇಲೆ ಬೀಳಲು ಹೊರಡುವ ಹೊತ್ತಿಗೆ, ಅವುಗಳ ಹಿಂದೆ ಉದ್ದನೆಯ ಲಾರಿ ಸಾಲಿನಲ್ಲಿ ಪದಾತಿ ಬರುತ್ತಿತ್ತು. ಗ್ರಾಫ್ ಶಿಮೆಲ್‌ಮಾನ್‌ನ 15ನೇ ಟ್ಯಾಂಕ್ ರೆಜಿಮೆಂಟ್ ಮೊದಲು ಆ ಲಾರಿ ಸಾಲನ್ನು ಸೀಳಿತು. ಆಮೇಲೆ ತಿರುಗಿ ಟ್ಯಾಂಕುಗಳ ಬೆನ್ನಿಗೆ ಬಿತ್ತು. ದಿನದ ಕೊನೆಗೆ ಸೋವಿಯತ್ತಿನ 53 ಟ್ಯಾಂಕು ಹೋದವು ಎನ್ನುತ್ತದೆ ಜರ್ಮನ್ ಲೆಕ್ಕ.

ಮುಂದಿನ ಹತ್ತು ದಿನ ಇದೇ ಆಟದ ಪುನರಾವರ್ತನೆ. ಒಂದು ಕಡೆ ಬೇಲಿ ಮುರಿದು ದನ ನುಗ್ಗಿದರೆ ಅತ್ತ ಓಟ, ಅಷ್ಟರಲ್ಲಿ ಇನ್ನೊಂದು ಕಡೆ ಬೇಲಿ ಮುರಿದರೆ ಇತ್ತ ಓಟ. ಹಗಲೆಲ್ಲ ಕಾದಾಟ, ಇರುಳೆಲ್ಲ ಪ್ರಯಾಣ, ನಸುಕಿಗೆ ಮತ್ತೆ ದಾಳಿ. ರಾತ್ರಿ ನಡೆದರೆ ರಕ್ತ ಉಳಿಯುತ್ತದೆ ಎನ್ನುವುದು ಡಿವಿಷನ್ನಿನ ಮಂತ್ರವಾಗಿತ್ತು. ಹಾಗಾದರೆ ಸೈನಿಕರು ಮಲಗಿದ್ದು ಯಾವಾಗ ಎನ್ನುವ ಪ್ರಶ್ನೆಗೆ ಬಾಲ್ಕ್‌ನ ಬಳಿಯೂ ಸಮಾಧಾನದ ಉತ್ತರ ಇರಲಿಲ್ಲ.

ಡಿಸೆಂಬರ್ 19ರಂದು ನಡೆದದ್ದೂ ಇದೇ ಬಗೆ. ಕತ್ತಲು ಪೂರ್ತಿ ಹರಿದಿರಲಿಲ್ಲ. ದಕ್ಷಿಣಕ್ಕೆ ಸಾಗುತ್ತಿದ್ದ ಸೋವಿಯತ್ ಟ್ಯಾಂಕ್ ಸಾಲಿನ ಬಾಲಕ್ಕೆ ಜರ್ಮನ್ ಟ್ಯಾಂಕುಗಳು ಹೋಗಿ ಸೇರಿಕೊಂಡವು. ಮುಂದಿನವರು ಇವರನ್ನು ತಮ್ಮವರೇ ಎಂದುಕೊಂಡರು. ಗೋಪುರದೊಳಗಿನ ಆ ಒಂಟಿ ಕಣ್ಣನ್ನು ನೆನಪಿಸಿಕೊಳ್ಳಿ. ಬೆನ್ನಿಗೆ ನಿಂತವನಿಗೆ ಎದುರಿನ ಓರೆ ಕವಚದ ತೊಂದರೆಯೂ ಇಲ್ಲ, ಎದುರಿನ ತೋಪಿನ ಭಯವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ 42 ಟ್ಯಾಂಕು ಹೋದವು. ಹಿಂದೆಯೇ ಬರುತ್ತಿದ್ದ ಎರಡನೇ ಸಾಲನ್ನು ತಗ್ಗಿನಲ್ಲಿ ಕಾದು ಹೊಡೆದಾಗ ಇನ್ನೂ 23.

ಇಂಥ ಓಟ ಬರೆದು ಕಳಿಸಿದ ಅಪ್ಪಣೆಗಳಿಂದ ಆಗುವಂಥದ್ದಲ್ಲ. ಬಾಲ್ಕ್ ಕಾಗದದ ಅಪ್ಪಣೆಗಳನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದ. ಅವನ ಮುಖ್ಯ ಸಹಾಯಕ ಮೇಜರ್ ಕೀನಿಟ್ಸ್ ಸ್ವಲ್ಪ ಹಿಂದೆ ಒಂದೇ ಕಡೆ ಕೂತು, ಮೇಲಿನ ಕೋರ್ ಜೊತೆಗೂ ಬಾಲ್ಕ್ ಜೊತೆಗೂ ರೇಡಿಯೋದಲ್ಲಿ ಕೊಂಡಿಯಾಗಿರುತ್ತಿದ್ದ. ಬಾಲ್ಕ್ ಸ್ವತಃ ರೆಜಿಮೆಂಟಿನಿಂದ ರೆಜಿಮೆಂಟಿಗೆ ಅಲೆಯುತ್ತ, ಎಲ್ಲಿ ಬಿಸಿ ಹೆಚ್ಚೋ ಅಲ್ಲಿ ಹೋಗಿ ನಿಂತು, ಬಾಯಿಮಾತಿನಲ್ಲೇ ಕೆಲಸ ಹೇಳುತ್ತಿದ್ದ. ಜರ್ಮನ್ ಸೇನೆಯ ಹಳೆಯ ಪದ್ಧತಿ ಇದಕ್ಕೆ ಒದಗಿಬಂತು: ಕೆಳಗಿನವನಿಗೆ ಏನಾಗಬೇಕು, ಯಾಕಾಗಬೇಕು ಎಂದು ಹೇಳು. ಹೇಗೆ ಮಾಡಬೇಕೆಂಬುದು ಅವನಿಗೇ ಬಿಡು. ಕೇಳಲು ಸುಲಭ. ಆದರೆ ಹಾಗೆ ಬಿಡಬೇಕಾದರೆ ಕೆಳಗಿನವನು ವರ್ಷಗಟ್ಟಲೆ ಅದೇ ಗರಡಿಯಲ್ಲಿ ಪಳಗಿರಬೇಕು, ತಪ್ಪಿದಾಗ ಮೇಲಿನವನು ಕೊರಳಿಗೆ ಬೀಳಬಾರದು. ಕೋರ್‌ನ ಅಪ್ಪಣೆಗೆ ಬಾಲ್ಕ್ ಒಪ್ಪದೆ ಹೋದಾಗ ಕೋರ್ ಸಿಟ್ಟಾಗದೆ ಸುಮ್ಮನಾದದ್ದೂ ಇದೇ ಪದ್ಧತಿಯ ಫಲ.

336ನೇ ಪದಾತಿ ಡಿವಿಷನ್ನಿಗೂ ಎರಡು ಮಾತು ಸಲ್ಲಬೇಕು. ಹಿಮದಲ್ಲಿ ಗುಂಡಿ ತೋಡಿ ಕೂತು, ಬೆನ್ನ ಹಿಂದೆ ಶತ್ರುವಿನ ಟ್ಯಾಂಕು ತಿರುಗಾಡುತ್ತಿದ್ದರೂ ಜಾಗ ಬಿಡದೆ ನಿಂತದ್ದು ಇವರು. ಇವರು ಅಡಿಗಲ್ಲಾಗಿ ನಿಂತದ್ದರಿಂದಲೇ ಬಾಲ್ಕ್ ಸುತ್ತಿಗೆಯಾಗಲು ಆಯಿತು. ಆದರೆ ಅಡಿಗಲ್ಲಿನ ಹೆಸರು ಯಾರಿಗೂ ನೆನಪಿರುವುದಿಲ್ಲ. ಓಡಾಡಿದವನಿಗೆ ಪದಕ, ಕೂತವನಿಗೆ ನೆಗಡಿ.

ಈಗ ಎರಡನೇ ಪ್ರಶ್ನೆ. ನಮ್ಮಲ್ಲಿ ಕೋರ್ಟು ಕಚೇರಿ ಅಲೆದವರ ಬಗ್ಗೆ ಒಂದು ಗಾದೆಯಿದೆ: ಗೆದ್ದವ ಸೋತ, ಸೋತವ ಸತ್ತ. ಚಿರ್ ನದಿಯ ವ್ಯಾಜ್ಯವೂ ಹಾಗೆಯೇ ಮುಗಿಯಿತು.

ಬಾಲ್ಕ್ ಬಂದದ್ದು ಯಾತಕ್ಕೆ? ಸ್ಟಾಲಿನ್‌ಗ್ರಾಡಿನ ಬಾಗಿಲು ಒಡೆಯಲು. ಡಿಸೆಂಬರ್ 12ರಂದು ಹೋಥ್‌ನ ಪಡೆ ದಕ್ಷಿಣದಿಂದ ಹೊರಟಿತು. 48ನೇ ಕೋರ್ ಅದರ ಜೊತೆ ಕೈಜೋಡಿಸಬೇಕಿತ್ತು. ಆದರೆ 11ನೇ ಡಿವಿಷನ್ ಬೇಲಿಯಿಂದ ಬೇಲಿಗೆ ಓಡುತ್ತಲೇ ಇತ್ತು. ಅದು ದಾಟಬೇಕಿದ್ದ ಡಾನ್ ನದಿಯ ಸೇತುವೆ ನೆಲೆಯನ್ನೇ ಈ ನಡುವೆ ಸೋವಿಯತ್ತಿನ 5ನೇ ಶಾಕ್ ಸೇನೆ ಕಿತ್ತುಕೊಂಡಿತು. ಬಾಲ್ಕ್ ಒಂದು ದಿನವೂ ಡಾನ್ ದಾಟಲಿಲ್ಲ. ಹೋಥ್‌ನ ಪಡೆ ಮುತ್ತಿಗೆಯಿಂದ ಐವತ್ತು ಕಿಲೋಮೀಟರಿನ ಒಳಗೆ ತಲುಪಿ, ಅಲ್ಲೇ ಉಸಿರುಗಟ್ಟಿ ನಿಂತಿತು. ಅಂದರೆ ಪ್ರತಿದಿನ ಟ್ಯಾಂಕು ಕಳೆದುಕೊಳ್ಳುತ್ತಿದ್ದ ಸೋವಿಯತ್ ಪಡೆ, ಬಾಲ್ಕ್ ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಗದಂತೆ ಅವನನ್ನು ಕಟ್ಟಿಹಾಕಿತ್ತು.

ಇದನ್ನು ಸೋವಿಯತ್ತರ ಮಹಾ ಚಾಣಾಕ್ಷತನ ಎಂದು ಉಬ್ಬಿಸುವುದೂ ಬೇಡ. ಅವರ 5ನೇ ಟ್ಯಾಂಕ್ ಸೇನೆ ಹೊಡೆದ ರೀತಿ ಒರಟು. ಇವತ್ತು ಇಲ್ಲಿ, ನಾಡಿದ್ದು ಅಲ್ಲಿ ಎಂದು ಬಿಡಿಬಿಡಿಯಾಗಿ ಬಂದದ್ದರಿಂದಲೇ ಒಂದೇ ಡಿವಿಷನ್ ಎಲ್ಲವನ್ನೂ ತಡೆಯಲು ಸಾಧ್ಯವಾಯಿತು. ಎಲ್ಲ ಕಡೆ ಒಂದೇ ದಿನ ನುಗ್ಗಿದ್ದರೆ 25 ಟ್ಯಾಂಕು ಏನು ಮಾಡುತ್ತಿದ್ದವು? ಆ ಒರಟುತನಕ್ಕೆ ತೆತ್ತವರು ಸಾವಿರಾರು ಸೋವಿಯತ್ ಸೈನಿಕರು. ಆದರೂ ಮೇಲಿನ ಹಂತದ ಲೆಕ್ಕ ತಪ್ಪಲಿಲ್ಲ. ಡಿಸೆಂಬರ್ 16ರಂದು ಅವರು ಇನ್ನೂ ವಾಯವ್ಯಕ್ಕೆ, ಇಟಲಿಯ 8ನೇ ಸೇನೆ ಕಾಯುತ್ತಿದ್ದ ಡಾನ್ ದಂಡೆಯ ಮೇಲೆ ಹೊಸ ದಾಳಿ ಶುರುಮಾಡಿದರು. ಆ ಗೋಡೆ ಕುಸಿಯಿತು. ತಡೆಯಲು ಬಾಲ್ಕ್‌ನಂಥವನು ಅಲ್ಲಿ ಇರಲಿಲ್ಲ, ಇದ್ದವನು ಚಿರ್ ದಂಡೆಯಲ್ಲಿ ಗೆಲ್ಲುತ್ತಿದ್ದ.

ಆ ಬಿರುಕಿನಿಂದ ಹೊರಟ ಜನರಲ್ ಬದಾನೊವ್‌ನ 24ನೇ ಟ್ಯಾಂಕ್ ಕೋರ್ ಇನ್ನೂರು ಕಿಲೋಮೀಟರಿಗೂ ಮೀರಿ ಒಳಗೆ ಓಡಿ, ಡಿಸೆಂಬರ್ 24ರ ಬೆಳಗ್ಗೆ ತಾತ್ಸಿನ್‌ಸ್ಕಯಾ ವಿಮಾನ ನಿಲ್ದಾಣಕ್ಕೆ ನುಗ್ಗಿತು. ಸ್ಟಾಲಿನ್‌ಗ್ರಾಡಿನಲ್ಲಿ ಸಿಕ್ಕಿಕೊಂಡವರಿಗೆ ರೊಟ್ಟಿ, ಪೆಟ್ರೋಲು, ಗುಂಡು ಹೊತ್ತೊಯ್ಯುತ್ತಿದ್ದ ವಿಮಾನಗಳ ಮುಖ್ಯ ನೆಲೆ ಅದು. ಮಂಜಿನಲ್ಲಿ, ಗುಂಡಿನ ಮಳೆಯಲ್ಲಿ ಯದ್ವಾತದ್ವಾ ಹಾರಿದ ವಿಮಾನಗಳು ಕೆಲವು ಒಂದಕ್ಕೊಂದು ಬಡಿದು ಉರುಳಿದವು. 72 ವಿಮಾನ ಹೋದವು ಎಂದು ಜರ್ಮನ್ನರೇ ಲೆಕ್ಕ ಹಾಕಿದರು. ಬಾಲ್ಕ್ ಚಿರ್ ಬಿಟ್ಟು ಇತ್ತ ಓಡಿಬಂದ. 6ನೇ ಪ್ಯಾಂಜರ್ ಡಿವಿಷನ್ ಕೂಡ ಬಂತು. ಬದಾನೊವ್‌ನನ್ನು ಸುತ್ತುಗಟ್ಟಿದರು, ಅವನ ಬಹುಪಾಲು ಟ್ಯಾಂಕುಗಳನ್ನು ಮುಗಿಸಿದರು, ಆತ ಉಳಿದವರ ಜೊತೆ ಮುತ್ತಿಗೆ ಸೀಳಿ ಹೊರಬಿದ್ದ. ಬಾಲ್ಕ್‌ನ ಪಟ್ಟಿಗೆ ಇನ್ನೊಂದು ಗೆಲುವು ಸೇರಿತು. ಅತ್ತ ಸ್ಟಾಲಿನ್ ಹೊಸದಾಗಿ ಸ್ಥಾಪಿಸಿದ್ದ ಸುವೊರೊವ್ ಪದಕದ ಎರಡನೇ ದರ್ಜೆಯನ್ನು ಮೊಟ್ಟಮೊದಲಿಗೆ ಬದಾನೊವ್‌ಗೆ ಕೊಟ್ಟ. ಒಂದೇ ಕಾಳಗಕ್ಕೆ ಎರಡೂ ಕಡೆ ಸಂಭ್ರಮ. ಯಾರು ಸರಿ ಎಂದು ಕೇಳಿದರೆ, 1943ರ ಫೆಬ್ರವರಿ 2ರಂದು ಸ್ಟಾಲಿನ್‌ಗ್ರಾಡಿನಲ್ಲಿ ಕೊನೆಯ ಜರ್ಮನ್ ಸೈನಿಕರು ಕೈಯೆತ್ತಿದರು ಎನ್ನುವುದೇ ಉತ್ತರ.

ಜನರಲ್ ಸ್ಟಾಫ್ ಬೇಡ ಎಂದ ಆ ಹಟದ ಮಾತು ಇಲ್ಲಿಗೆ ಕೂಡುತ್ತದೆ. ಸೈನಿಕರ ಜೊತೆ ಇದ್ದುದರಿಂದ ಬಾಲ್ಕ್‌ಗೆ ಮುಂದಿನ ಆರು ಗಂಟೆ ಕನ್ನಡಿಯಷ್ಟು ಸ್ಪಷ್ಟ. ಮುಂದಿನ ಆರು ವಾರ ಯಾರ ಕೈಯಲ್ಲಿದೆ ಎನ್ನುವುದು ಡಿವಿಷನ್ ಕಮಾಂಡರನ ಅಳವಿನ ಮಾತಲ್ಲ. ಎಷ್ಟೇ ಜಾಣನಾದರೂ ಒಂದು ಡಿವಿಷನ್ನಿನ ಕಮಾಂಡರ್ ತನ್ನ ಸೇನೆಗೆ ಕೊಂಚ ಸಮಯ ಗಳಿಸಿಕೊಡಬಲ್ಲ. ಆ ಸಮಯವನ್ನು ಏನು ಮಾಡಬೇಕೆಂದು ಮೇಲಿನವರಿಗೆ ಗೊತ್ತಿಲ್ಲದಿದ್ದರೆ, ಗಳಿಸಿದ್ದು ನೀರಿನಲ್ಲಿ ಹೋಮ.

ಜನವರಿಯಲ್ಲಿ ಮಾತ್ರ ಆ ಸಮಯಕ್ಕೆ ಬೆಲೆ ಬಂತು. ಕಾಕಸಸ್ ಪರ್ವತದಿಂದ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಗೆ ಹೊರಬರಲು ರೊಸ್ತೊವ್ ಪಟ್ಟಣದ ಕಿರಿದಾದ ದಾರಿಯೇ ಗತಿ. ಅದರ ಹತ್ತಿರದಲ್ಲೇ ಮನಿಚ್ ನದಿಯ ದಂಡೆಯ ಮನಿಚ್‌ಸ್ಕಯಾ ಹಳ್ಳಿಯನ್ನು ಸೋವಿಯತ್ ಪಡೆ ಹಿಡಿದಿತ್ತು. ಮೊದಲ ದಾಳಿಯಲ್ಲಿ ಬಾಲ್ಕ್ ಸೋತ. ಮನೆಗಳ ನಡುವೆ ಹುದುಗಿಸಿ ನಿಲ್ಲಿಸಿದ್ದ ಟ್ಯಾಂಕುಗಳು ಒಳಗೆ ಬಿಡಲಿಲ್ಲ. ಜನವರಿ 25ರಂದು ಬೇರೆ ಹೂಟ ಹೂಡಿದ. ಹಳ್ಳಿಯ ಈಶಾನ್ಯ ಮೂಲೆಗೆ ಫಿರಂಗಿ ಸುರಿಸಿ, ಹೊಗೆ ಎಬ್ಬಿಸಿ, ಲಘು ಕವಚದ ಗಾಡಿಗಳನ್ನೂ ಲಾರಿಗಳನ್ನೂ ಅತ್ತ ಓಡಾಡಿಸಿದ. ಎದ್ದ ಹಿಮದ ಧೂಳು ನೋಡಿದರೆ ಇಡೀ ಟ್ಯಾಂಕ್ ರೆಜಿಮೆಂಟೇ ಬರುತ್ತಿದ್ದಂತೆ. ಕಣ್ಣಿಗೆ ಮಣ್ಣೆರಚುವುದು ಎನ್ನುತ್ತೇವಲ್ಲ, ಇವನು ಹಿಮ ಎರಚಿದ. ಹುದುಗಿದ್ದ ಟ್ಯಾಂಕುಗಳು ಎದ್ದು ಅತ್ತ ಹೋದವು. ಆ ಗಳಿಗೆಯಲ್ಲಿ ಫಿರಂಗಿಗಳ ಗುರಿ ತಟ್ಟನೆ ದಕ್ಷಿಣಕ್ಕೆ ಹೊರಳಿತು, ಅಸಲಿ ಟ್ಯಾಂಕುಗಳು ಅಲ್ಲಿಂದ ನುಗ್ಗಿ ಬೆನ್ನಿಗೆ ಬಿದ್ದವು. ಜರ್ಮನ್ನರ ಕಡೆ ಸತ್ತವನು ಒಬ್ಬ, ಗಾಯಗೊಂಡವರು 14 ಎಂದು ಕೋರ್‌ನ ಚೀಫ್ ಆಫ್ ಸ್ಟಾಫ್ ಆಗಿದ್ದ ಮೆಲೆಂಟಿನ್ ಬರೆದಿದ್ದಾನೆ. ರೊಸ್ತೊವ್ ದಾರಿ ತೆರೆದೇ ಉಳಿಯಿತು, ಲಕ್ಷಾಂತರ ಸೈನಿಕರ ಸೇನೆ ಬೋನಿನಿಂದ ಜಾರಿತು. ನನಗೆ ಕೇಳಿದರೆ, ಡಿಸೆಂಬರ್ 19ಕ್ಕಿಂತ ಈ ಚಿಕ್ಕ ಕಾಳಗವೇ ಬಾಲ್ಕ್‌ನ ನಿಜವಾದ ದೊಡ್ಡ ಕೆಲಸ.

ಲೆಕ್ಕಗಳ ಬಗ್ಗೆಯೂ ಒಂದು ಎಚ್ಚರ. ಡಿಸೆಂಬರ್ 7ರಿಂದ ಜನವರಿ 31ರವರೆಗೆ ಸೋವಿಯತ್ತಿನ 225 ಟ್ಯಾಂಕು ಹೊಡೆದು, ತಾನು 16 ಮಾತ್ರ ಕಳೆದುಕೊಂಡೆ ಎನ್ನುತ್ತದೆ 11ನೇ ಡಿವಿಷನ್ನಿನ ಲೆಕ್ಕ. ಜರ್ಮನ್ ಪುಸ್ತಕದಲ್ಲಿ ‘ಕಳೆದುಕೊಂಡದ್ದು’ ಎಂದರೆ ರಿಪೇರಿಗೂ ಒದಗದೆ ಪೂರ್ತಿ ಹಾಳಾದದ್ದು. ಹೊಡೆತ ತಿಂದು, ಎಳೆದು ತಂದು, ವರ್ಕ್‌ಶಾಪಿನಲ್ಲಿ ವಾರಗಟ್ಟಲೆ ಮಲಗಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲದಿದ್ದರೆ ಅಷ್ಟು ದೊಡ್ಡ ಡಿವಿಷನ್ 25 ಟ್ಯಾಂಕಿಗೆ ಇಳಿದದ್ದಾದರೂ ಹೇಗೆ? ಎದುರಾಳಿಯ ಟ್ಯಾಂಕು ಮಾತ್ರ ನಿಂತು ಹೊಗೆಯಾಡಿದರೆ ಸಾಕು, ಸತ್ತ ಪಟ್ಟಿಗೆ ಸೇರುತ್ತಿತ್ತು. ಕಾಳಗ ಮುಗಿದ ಮೇಲೆ ಮೈದಾನ ಯಾರ ಕೈಯಲ್ಲಿದೆಯೋ ಅವರೇ ತಮ್ಮ ಕೆಟ್ಟ ಗಾಡಿಗಳನ್ನು ಎಳೆದುಕೊಂಡು ಹೋಗಬಲ್ಲರು ಎನ್ನುವುದೂ ಈ ಅಂತರಕ್ಕೆ ಒಂದು ಕಾರಣ. ಅದೇ ಪಟ್ಟಿಯಲ್ಲಿ 30,700 ಸೋವಿಯತ್ ಸೈನಿಕರು ಸತ್ತರು ಎಂದೂ ಇದೆ. ಹಿಮದಲ್ಲಿ ಹೆಣ ಎಣಿಸಿದವರಾರು?

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. 1943ರ ಮಾರ್ಚ್‌ನಲ್ಲಿ ಅದೇ ಪದಕಕ್ಕೆ ಕತ್ತಿಗಳ ಅಲಂಕಾರ ಸಿಕ್ಕಿತು, ಡಿವಿಷನ್ ಬಿಟ್ಟ. ಕೆಲಕಾಲ ಗ್ರೋಸ್‌ಡಾಯ್ಚ್‌ಲಾಂಡ್ ಡಿವಿಷನ್, ಆಮೇಲೆ ಇಟಲಿಯ ಸಲೆರ್ನೊ, ಅಲ್ಲಿ ವಿಮಾನ ಬಿದ್ದು ಗಾಯ. ನವೆಂಬರಿನಲ್ಲಿ ಅದೇ 48ನೇ ಕೋರ್‌ಗೆ ಮುಖ್ಯಸ್ಥನಾಗಿ ಮರಳಿದ, ಜೊತೆಗೆ ಮೆಲೆಂಟಿನ್. ಕೀವ್ ಪಶ್ಚಿಮಕ್ಕೆ ಝಿತೊಮಿರ್ ಪಟ್ಟಣವನ್ನು ಮರಳಿ ಹಿಡಿದರು. ಕೀವ್ ಮಾತ್ರ ಸಿಗಲಿಲ್ಲ. 1944ರ ಆಗಸ್ಟಿನಲ್ಲಿ 4ನೇ ಪ್ಯಾಂಜರ್ ಸೇನೆ, ಅದರ ಕೊನೆಗೆ ವಜ್ರದ ಅಲಂಕಾರ. ಇಡೀ ಯುದ್ಧದಲ್ಲಿ ಆ ಮಟ್ಟದ ಪದಕ ಪಡೆದವರು 27 ಜನ ಮಾತ್ರ. ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೊರೇನ್‌ನಲ್ಲಿ ಒಂದು ಇಡೀ ಸೇನಾ ಸಮೂಹ ಕೈಗೆ ಬಂತು. ಎದುರಿಗೆ ಅಮೆರಿಕದ ಪ್ಯಾಟನ್. ವಯಸ್ಸಾದವರು, ಕಾಯಿಲೆಯವರು, ಅರೆಬರೆ ತರಬೇತಿಯ ಹುಡುಗರ ಪಡೆ ಇಟ್ಟುಕೊಂಡು ಮೂರು ತಿಂಗಳು ತಡೆದ, ಡಿಸೆಂಬರಿನಲ್ಲಿ ಹಿಟ್ಲರ್ ತೆಗೆದುಹಾಕಿದ. ಹಂಗೆರಿಗೆ ಕಳಿಸಿದರು. ಬುಡಾಪೆಸ್ಟ್ ಮುತ್ತಿಗೆ ಒಡೆಯಲು ಮೂರು ಬಾರಿ ಯತ್ನಿಸಿ ಮೂರರಲ್ಲೂ ಸೋತರು. 1945ರ ಮೇ 8ರಂದು ಆಸ್ಟ್ರಿಯಾದಲ್ಲಿ ತನ್ನ ಸೇನೆಯನ್ನು ರಷ್ಯನ್ನರಿಗೆ ಸಿಗದಂತೆ ಪಶ್ಚಿಮಕ್ಕೆ ನಡೆಸಿ ಅಮೆರಿಕನ್ನರಿಗೆ ಶರಣಾದ. ಕೊನೆಯ ದಿನದವರೆಗೂ ಆತ ಕಾದಾಡಿದ್ದು ಹಿಟ್ಲರನ ಆಡಳಿತಕ್ಕಾಗಿ ಎನ್ನುವುದನ್ನು ತಂತ್ರದ ಗುಂಗಿನಲ್ಲಿ ಮರೆಯಬಾರದು. ಸುಮಾರು 2.7 ಕೋಟಿ ಸೋವಿಯತ್ ಪ್ರಜೆಗಳನ್ನು ನುಂಗಿದ ಆಕ್ರಮಣದ ಒಂದು ಹಲ್ಲು ಅವನ ಡಿವಿಷನ್.

ಸಾಮಾನ್ಯವಾಗಿ ಕಿರಿದಾಗಿ ಹೇಳಿ ಮುಗಿಸುವ ಇನ್ನೆರಡು ಸಂಗತಿಗಳಿವೆ. 1944ರ ನವೆಂಬರ್ 28ರಂದು ಸಾರ್ ಪ್ರದೇಶದಲ್ಲಿ ಒಬ್ಬ ಫಿರಂಗಿ ಅಧಿಕಾರಿ ಕುಡಿದು ಕರ್ತವ್ಯ ತಪ್ಪಿದ್ದ. ಲೆಫ್ಟಿನೆಂಟ್ ಕರ್ನಲ್ ದರ್ಜೆಯವನು. ಬಾಲ್ಕ್ ವಿಚಾರಣೆಯನ್ನೇ ನಡೆಸದೆ ಅವನನ್ನು ಗುಂಡಿಟ್ಟು ಕೊಲ್ಲಿಸಿದ. 1948ರಲ್ಲಿ ಸ್ಟುಟ್‌ಗಾರ್ಟ್‌ನ ನ್ಯಾಯಾಲಯ ಇದು ಕೊಲೆಯೆಂದು ಮೂರು ವರ್ಷದ ಶಿಕ್ಷೆ ಕೊಟ್ಟಿತು, ಅರ್ಧದಷ್ಟು ಅನುಭವಿಸಿ ಹೊರಬಂದ. ಅದೇ ನವೆಂಬರಿನಲ್ಲಿ ಹಿಂದೆ ಸರಿಯುವಾಗ ಫ್ರಾನ್ಸಿನ ಜೆರಾರ್ಮೆ ಪಟ್ಟಣವನ್ನು ಸುಟ್ಟುಹಾಕಲಾಗಿತ್ತು. ಫ್ರೆಂಚ್ ಸೇನಾ ನ್ಯಾಯಾಲಯ ಆತನ ಗೈರುಹಾಜರಿಯಲ್ಲಿ 20 ವರ್ಷದ ಶಿಕ್ಷೆ ವಿಧಿಸಿತು. ಜರ್ಮನಿ ಅವನನ್ನು ಒಪ್ಪಿಸಲಿಲ್ಲ. ಕೆಳಗಿನವರನ್ನು ನಂಬಿ ಬಿಡುವ ಕಮಾಂಡರ್ ಎಂದು ಹೊಗಳಿಸಿಕೊಂಡವನೇ ಒಬ್ಬ ಕೆಳಗಿನವನಿಗೆ ಬಾಯಿ ಬಿಡುವ ಅವಕಾಶವನ್ನೂ ಕೊಡಲಿಲ್ಲ.

ಇಷ್ಟೆಲ್ಲ ಆಗಿ ಈ ಹೆಸರು ನಮ್ಮವರೆಗೆ ತಲುಪಿದ್ದು ಹೇಗೆ? ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಸೆರೆಸಿಕ್ಕ ಜರ್ಮನ್ ಜನರಲ್‌ಗಳಿಂದ ಅನುಭವ ಬರೆಸಿಕೊಂಡಿತು. ಬಹಳಷ್ಟು ಮಂದಿ ಬರೆದರು, ತಪ್ಪೆಲ್ಲ ಹಿಟ್ಲರನದು ಎಂದರು. ಬಾಲ್ಕ್ ಬರೆಯಲೊಪ್ಪಲಿಲ್ಲ. ಸೆರೆಯಿಂದ ಬಂದು ಉಗ್ರಾಣದಲ್ಲಿ ಕೂಲಿ ಕೆಲಸ ಮಾಡಿ ಸಂಸಾರ ಸಾಗಿಸಿದ. ಅವನ ಕಥೆಯನ್ನು ಲೋಕಕ್ಕೆ ಹೇಳಿದ್ದು 1956ರಲ್ಲಿ ಬಂದ ಮೆಲೆಂಟಿನ್‌ನ ಪುಸ್ತಕ. ಅದು ಗೆಳೆಯನ ಸಾಕ್ಷಿ. ಸೋವಿಯತ್ ಕಡೆಯ ಕಡತಗಳು ಮುಚ್ಚಿದ್ದ ಕಾಲದಲ್ಲಿ ಎದುರು ಸಾಕ್ಷಿ ಇರಲಿಲ್ಲ, ಹಾಗಾಗಿ ಅದೇ ತೀರ್ಪಾಯಿತು.

1970ರ ದಶಕದ ಕೊನೆಗೆ ಅಮೆರಿಕನ್ನರಿಗೆ ಒಂದು ಚಿಂತೆ ಹತ್ತಿತ್ತು. ಪಶ್ಚಿಮ ಜರ್ಮನಿಯ ಗಡಿಯಾಚೆ ಸೋವಿಯತ್ ಟ್ಯಾಂಕುಗಳು ಸಾವಿರಗಟ್ಟಲೆ ನಿಂತಿವೆ. ಕಡಿಮೆ ಪಡೆಯಿಂದ ಅವನ್ನು ತಡೆದವರು ಯಾರಾದರೂ ಬದುಕಿದ್ದಾರೆಯೇ? 1979ರಲ್ಲಿ ಬಾಲ್ಕ್ ಬಾಯಿಬಿಟ್ಟ. 1980ರ ಮೇ ತಿಂಗಳಲ್ಲಿ, 86ರ ವಯಸ್ಸಿನಲ್ಲಿ, ಮೆಲೆಂಟಿನ್ ಜೊತೆ ವಾಷಿಂಗ್ಟನ್ ಹತ್ತಿರ ನಡೆದ ಕಾಗದದ ಮೇಲಿನ ಯುದ್ಧಾಭ್ಯಾಸಕ್ಕೆ ಹೋದ. ಅಮೆರಿಕದ ನಿವೃತ್ತ ಜನರಲ್ ಡಿಪ್ಯೂ ಕೂಡ ಅಲ್ಲಿದ್ದ. ಹೆಸ್ಸೆ ಪ್ರಾಂತ್ಯದ ನಕ್ಷೆ ಹಾಸಿ, ಸೋವಿಯತ್ ದಾಳಿ ಬಂದರೆ ಈ ವಲಯವನ್ನು ಹೇಗೆ ಕಾಯುತ್ತೀರಿ ಎಂದು ಕೇಳಿದರು. ಇಬ್ಬರು ಮುದುಕರೂ ಚಿರ್ ದಂಡೆಯ ಉತ್ತರವನ್ನೇ ಕೊಟ್ಟರು: ಒಂದು ಕಡೆ ತೆಳ್ಳಗೆ ತಡೆದು, ಇನ್ನೊಂದು ಕಡೆ ಎದುರಾಳಿಯನ್ನು ಆಳಕ್ಕೆ ಒಳಗೆ ಬಿಟ್ಟುಕೊಂಡು, ಉಳಿದ ಬಲವನ್ನೆಲ್ಲ ಕೂಡಿಸಿ ಪಕ್ಕೆಗೆ ಹೊಡೆಯಬೇಕು. ಅಮೆರಿಕದ ಸೇನಾನಿಗಳು ಮೆಚ್ಚಿದರು. ಆದರೆ ಪಶ್ಚಿಮ ಜರ್ಮನಿಯನ್ನು ಗಡಿಯಲ್ಲೇ ಕಾಯಬೇಕು, ನೆಲ ಬಿಟ್ಟುಕೊಡಬಾರದು ಎನ್ನುವುದು ಆಗಿನ ನೇಟೋ ಒಪ್ಪಂದದ ನೀತಿ. 1942ರಲ್ಲಿ ಎದುರಾಳಿಯನ್ನು ಒಳಗೆ ಬಿಟ್ಟುಕೊಂಡಾಗ ಟ್ಯಾಂಕಿನಡಿ ಸಿಕ್ಕವು ರಷ್ಯನ್ನರ ಹಳ್ಳಿಗಳು. ಈ ನಕ್ಷೆಯಲ್ಲಿ ಬಾಲ್ಕ್ ಬೆರಳಿಟ್ಟು ತೋರಿಸಿದ ಕಣಿವೆಯಲ್ಲಿದ್ದವು ಜರ್ಮನ್ನರ ಹಳ್ಳಿಗಳು.